ಸೇಬು ಹೆಚ್ಚುತ್ತಾ ಕೇಳಿದ್ದು: ಆಮಿಶ್ ಅಜ್ಜಿಯ ಜತೆ ಐದು ದಿನ

ಮೊದಲ ದಿನ, ಶುಕ್ರವಾರ

2024ರ ನವೆಂಬರ್ 1. ಊರಲ್ಲಿ ರಾಜ್ಯೋತ್ಸವ, ಜತೆಗೆ ದೀಪಾವಳಿ. ನಾವಿಬ್ಬರು ಮಾತ್ರ ಚಕ್ಕುಲಿ ಡಬ್ಬ ತೊಡೆ ಮೇಲಿಟ್ಟುಕೊಂಡು ಫಿಲಡೆಲ್ಫಿಯಾದ ರೈಲು ನಿಲ್ದಾಣದಲ್ಲಿ ಕೂತಿದ್ದೆವು. ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ನೋಡಬೇಕಾದ ಮ್ಯೂಸಿಯಂ ಎಲ್ಲ ಮುಗಿದಿತ್ತು. "ನಿನಗೆ ಹಸು, ಹಟ್ಟಿ, ಹಪ್ಪಳ ಅಂದರೆ ಇಷ್ಟ ಅಲ್ವಾ, ಲ್ಯಾಂಕಾಸ್ಟರ್‌ಗೆ ಹೋಗಮ್ಮಾ" ಎಂದು ಮಗಳೇ ಟಿಕೆಟ್ ಮಾಡಿಸಿದಳು.

ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ಪ್ರಯಾಣ. ನಮ್ಮ ಎದುರಿನ ಸೀಟಲ್ಲೇ ಒಂದು ಆಮಿಶ್ ಕುಟುಂಬ. ಹಳೆ ಕ್ರಮದಲ್ಲೇ ಬದುಕುವ ಕ್ರೈಸ್ತ ಪಂಗಡ ಇವರದ್ದು. ಗಂಡಸಿಗೆ ಕಪ್ಪು ಹ್ಯಾಟು, ಎದೆವರೆಗೆ ಗಡ್ಡ, ಆದರೆ ಮೀಸೆ ಇಲ್ಲ. ಹೆಂಗಸಿನ ತಲೆ ಮೇಲೆ ತೆಳು ಬಿಳಿ ಟೋಪಿ. ಮಕ್ಕಳು ಮೂರು. ಯಾರ ಕೈಯಲ್ಲೂ ಫೋನಿಲ್ಲ. ನಮ್ಮ ಮನೆಯವರು ನಾಚಿಕೆಯಿಂದ ತಮ್ಮ ಫೋನನ್ನು ಜೇಬಿಗೆ ಹಾಕಿಕೊಂಡರು. ಐದು ನಿಮಿಷಕ್ಕೆ ಮತ್ತೆ ತೆಗೆದರು.

ಸ್ಟೇಷನ್ನಿಂದ ಮೊದಲು ಪೇಟೆಯ ಸೆಂಟ್ರಲ್ ಮಾರ್ಕೆಟ್‌ಗೆ ಹೋದೆವು. 1889ರ ಕೆಂಪು ಇಟ್ಟಿಗೆ ಕಟ್ಟಡ. ವಾರಕ್ಕೆ ಮೂರೇ ದಿನ ತೆರೆದಿರುತ್ತದೆ: ಮಂಗಳವಾರ, ಶುಕ್ರವಾರ, ಶನಿವಾರ. ಅಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಎಲ್ಲಿ ನೋಡಿದರೂ ಸೆಲರಿ. ನಮ್ಮಲ್ಲಿ ಹರಿವೆ ದಂಟು ರಾಶಿ ಹಾಕುತ್ತಾರಲ್ಲ, ಹಾಗೆ. ಇಷ್ಟೊಂದು ದಂಟು ಯಾರು ತಿನ್ನುತ್ತಾರೆ ಅಂತ ಸುಮ್ನೆ ಕೇಳಿದೆ. ಮಾರುವ ಹುಡುಗಿ ನಕ್ಕು, "ಇದು ಮದುವೆ ತಿಂಗಳು" ಎಂದಳು. ಅರ್ಥವಾಗಲಿಲ್ಲ. ಸುಮ್ಮನೆ ತಲೆ ಆಡಿಸಿದೆ.

ನಾವು ಉಳಿದದ್ದು ಬರ್ಡ್-ಇನ್-ಹ್ಯಾಂಡ್ ಎಂಬ ಹಳ್ಳಿಯ ಹತ್ತಿರ, ಒಂದು ಮೆನೊನೈಟ್ ದಂಪತಿಯ ತೋಟದ ಮನೆಯಲ್ಲಿ. ಮೆನೊನೈಟರು ಆಮಿಶರಿಗೆ ದಾಯಾದಿಗಳು ಇದ್ದ ಹಾಗೆ. ಇಬ್ಬರ ಬೇರೂ ಒಂದೇ. 1525ರಲ್ಲಿ ಜೂರಿಕ್‌ನಲ್ಲಿ ಕೆಲವರು, ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸುವುದು ತಪ್ಪು, ದೊಡ್ಡವರಾಗಿ ತಿಳಿದು ಒಪ್ಪಿ ತೆಗೆದುಕೊಳ್ಳಬೇಕು ಎಂದರು. ಅಷ್ಟಕ್ಕೇ ಅವರನ್ನು ನೀರಲ್ಲಿ ಮುಳುಗಿಸಿದರು, ಬೆಂಕಿಗೆ ಹಾಕಿದರು. 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬಾತ, ಕಟ್ಟುಪಾಡು ಸಡಿಲವಾಯಿತು ಅಂತ ತನ್ನ ಗುಂಪು ಕಟ್ಟಿಕೊಂಡು ಬೇರೆಯಾದ. ಅವನ ಹೆಸರಿನಿಂದಲೇ ಆಮಿಶ್. 18ನೇ ಶತಮಾನದಲ್ಲಿ ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಬಂದರು. ಯುರೋಪಿನಲ್ಲಿ ಈಗ ಆಮಿಶರೇ ಇಲ್ಲ. ಉತ್ತರ ಅಮೆರಿಕದಲ್ಲಿ ಸುಮಾರು ನಾಲ್ಕು ಲಕ್ಷ ಇದ್ದಾರೆ.

ನಮ್ಮ ಆತಿಥೇಯರ ಪಕ್ಕದ ತೋಟ ಆಮಿಶರದ್ದು. ಅಲ್ಲಿನ ಅಜ್ಜಿಗೆ ಚಳಿಗಾಲಕ್ಕೆ ಸೇಬು ಒಣಗಿಸಲು ಕೈಗಳು ಬೇಕಂತೆ. ನಾನು ಕೈ ಎತ್ತಿದೆ. ಸಂಜೆ ನಾಲ್ಕಕ್ಕೆ ಬೇಲಿ ದಾಟಿ ಅಜ್ಜಿಯ ಅಡುಗೆಮನೆಗೆ ಹೋದರೆ, ಗೋಡೆ ಗಡಿಯಾರದಲ್ಲಿ ಇನ್ನೂ ಮೂರು! ನನ್ನ ಕೈಗಡಿಯಾರ ಕೆಟ್ಟಿತಾ ಅಂತ ಅಲ್ಲಾಡಿಸಿದೆ. ಅಜ್ಜಿ, "ಅದು ನಿಧಾನ ಟೈಮು" ಎಂದಳು. ಬೇಸಿಗೆಯಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತಾರೆ. ಅಜ್ಜಿಯ ಗಡಿಯಾರಕ್ಕೆ ಆ ಗೋಜಿಲ್ಲ. ಹಸುವಿಗೆ ಯಾರು ಹೇಳುತ್ತಾರೆ ಟೈಮು ಬದಲಾಯಿತು ಅಂತ?

ಎರಡನೇ ದಿನ, ಶನಿವಾರ

ಬೆಳಗಿನ ಜಾವ ನಾಲ್ಕೂವರೆಗೆ ಡೀಸೆಲ್ ಎಂಜಿನ್ ಸದ್ದಿಗೆ ಎಚ್ಚರವಾಯಿತು. ಕರೆಂಟಿಲ್ಲದ ಊರು ನಿಶ್ಶಬ್ದವಾಗಿರುತ್ತದೆ ಅಂದುಕೊಂಡಿದ್ದೆ, ಶುದ್ಧ ತಪ್ಪು. ಕಂಬದ ತಂತಿ ಮನೆಯೊಳಗೆ ಬರಬಾರದು, ಅಷ್ಟೇ. ಡೀಸೆಲ್ ಎಂಜಿನ್ ಹಾಲು ಕರೆಯುವ ಯಂತ್ರ ಓಡಿಸುತ್ತದೆ, ಹಾಲು ತಣ್ಣಗಿಡುತ್ತದೆ, ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುತ್ತದೆ. ಆ ಗಾಳಿಯಿಂದ ಅಡುಗೆಮನೆಯ ಮಿಕ್ಸಿ ತಿರುಗುತ್ತದೆ. ಫ್ರಿಜ್ಜು ಗ್ಯಾಸಿನದ್ದು. ಟ್ರಾಕ್ಟರು ಗದ್ದೆಗಿಳಿಯುವ ಹಾಗಿಲ್ಲ, ಅಲ್ಲಿ ಹೇಸರಗತ್ತೆಗಳು. ಸೈಕಲ್ ಬೇಡ, ಆದರೆ ಕಾಲಲ್ಲಿ ತಳ್ಳುವ ಸ್ಕೂಟರ್ ಆಗಬಹುದು. ಫೋನು ಮನೆಯಲ್ಲಿ ಬೇಡ, ತೋಟದ ಮೂಲೆಯಲ್ಲಿ ಒಂದು ಗೂಡು ಕಟ್ಟಿ ಅದರಲ್ಲಿಡಬಹುದು. ಇವೆಲ್ಲ ಬರೆಯದ ಕಟ್ಟಳೆಗಳು, ಇವಕ್ಕೆ ಆರ್ಡ್ನುಂಗ್ ಎನ್ನುತ್ತಾರೆ. ಮೊದಲಿಗೆ ನಗು ಬಂತು. ಆಮೇಲೆ ನಮ್ಮ ಮಡಿ ನೆನಪಾಯಿತು. ಮಡಿಯಲ್ಲಿ ಹತ್ತಿ ಸೀರೆ ಮುಟ್ಟಬಾರದು, ರೇಷ್ಮೆ ಮುಟ್ಟಬಹುದು ಅಂತ ಅತ್ತೆ ಹೇಳುತ್ತಿದ್ದರು. ನಾನು ನಗುವ ಹಾಗಿಲ್ಲ.

ಅಜ್ಜಿ ಇರುವುದು ಡಾಡಿ ಹೌಸ್‌ನಲ್ಲಿ. ಮಗನಿಗೆ ತೋಟ ಬಿಟ್ಟುಕೊಟ್ಟ ಮೇಲೆ ಅಪ್ಪ ಅಮ್ಮ ಇರಲೆಂದು ದೊಡ್ಡ ಮನೆಗೆ ಅಂಟಿಸಿ ಕಟ್ಟುವ ಚಿಕ್ಕ ಮನೆ ಅದು. ಅಜ್ಜಿಗೆ 79. ಗಂಡ ಹೋಗಿ ನಾಲ್ಕು ವರ್ಷವಾಗಿದೆ. ಗಿಡ್ಡ, ಕೆಂಪು ಕೈ, ನೇರ ಮಾತು. ಮನೆಯಲ್ಲಿ ಅವರು ಆಡುವುದು ಡೈಚ್, ಅಂದರೆ ಪೆನ್ಸಿಲ್ವೇನಿಯಾ ಜರ್ಮನ್. ಬೈಬಲ್ ಹಳೆಯ ಜರ್ಮನ್‌ನಲ್ಲಿ. ಇಂಗ್ಲಿಷ್ ಕಲಿಯುವುದು ಶಾಲೆಗೆ ಹೋದ ಮೇಲೆ. ಆಮಿಶರಲ್ಲದವರೆಲ್ಲ ಅವರ ಪಾಲಿಗೆ "ಇಂಗ್ಲಿಷರು". ಹಾಗಾಗಿ ಅಜ್ಜಿ ಸೊಸೆಗೆ ನನ್ನನ್ನು ತೋರಿಸಿ ಏನೋ ಅಂದಾಗ ನನಗೆ ಕೇಳಿಸಿದ ಒಂದೇ ಪದ "ಇಂಗ್ಲಿಷ್". ಸಾಗರದ ಕಡೆಯ ಹೆಂಗಸು, ಹಣೆಗೆ ಕುಂಕುಮ, ಮೈಗೆ ಇಳಕಲ್ ಸೀರೆ, ಮೇಲೊಂದು ಸ್ವೆಟರ್. ಕೊನೆಗೂ ಇಂಗ್ಲಿಷರವಳಾದೆ!

ಕೆಲಸ ಹೀಗೆ. ಸೇಬಿನ ಸಿಪ್ಪೆ ತೆಗೆದು, ಎಂಟು ಹೋಳು ಮಾಡಿ, ಬೀಜ ತೆಗೆದು ತಟ್ಟೆಯಲ್ಲಿ ಹರಡಬೇಕು. ಒಣಗಿದರೆ ಅದೇ ಶ್ನಿಟ್ಸ್. ಚರ್ಚ್ ದಿನದ ಊಟಕ್ಕೆ ಈ ಒಣ ಸೇಬಿನ ಕಡುಬು ಬೇಕೇ ಬೇಕು. ಎರಡು ದೊಡ್ಡ ಬುಟ್ಟಿ ಇತ್ತು. ನನ್ನ ಕೈಚಳಕ ನೋಡಿ ಅಜ್ಜಿ ಹತ್ತು ನಿಮಿಷದಲ್ಲೇ ಒಪ್ಪಿದಳು. ಹಲಸಿನಕಾಯಿ ಬಿಡಿಸಿದವಳಿಗೆ ಸೇಬು ಯಾವ ಲೆಕ್ಕ?

"ನಿನ್ನ ಗಂಡನನ್ನು ನೀನು ಹೇಗೆ ಹಿಡಿದೆ?" ಅಂತ ಅಜ್ಜಿಯೇ ಶುರು ಮಾಡಿದಳು.

ಹೇಳಿದೆ. 1983. ಹೆಣ್ಣು ನೋಡಲು ಬಂದರು. ಕೇಸರಿಬಾತು, ಉಪ್ಪಿಟ್ಟು. ಕಾಲು ಗಂಟೆ. ಅವರು ನನ್ನನ್ನು ನೋಡಿದರು, ನಾನು ಅವರ ಚಪ್ಪಲಿ ನೋಡಿದೆ. ಅಜ್ಜಿಯ ಚಾಕು ನಿಂತೇ ಹೋಯಿತು. ಅಪ್ಪ ಆರಿಸಿದ್ದಾ? ಜಾತಕ ಅಂದರೇನು? ಸೊಸೆಯನ್ನು ಕರೆದು ಡೈಚ್‌ನಲ್ಲಿ ಎಲ್ಲವನ್ನೂ ಮತ್ತೆ ಹೇಳಿದಳು. ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು.

ನಾನು ಬಂದದ್ದೇ ಇವರಲ್ಲಿ ಅಪ್ಪ-ಅಮ್ಮ ನೋಡಿ ಮಾಡುವ ಮದುವೆ ಅಂದುಕೊಂಡು. ಹಳೆ ಉಡುಪು, ಹಳೆ ಗಾಡಿ, ಹಾಗಾದರೆ ಮದುವೆಯೂ ಹಳೆ ಕ್ರಮದ್ದೇ ಇರಬೇಕು ಎಂಬ ಲೆಕ್ಕ. ಹಾಗಲ್ಲವೇ ಅಲ್ಲ. ಆರಿಸುವುದು ಹುಡುಗ ಹುಡುಗಿಯೇ. ಇಬ್ಬರೂ ದೀಕ್ಷಾಸ್ನಾನ ಪಡೆದು ಚರ್ಚಿಗೆ ಸೇರಿರಬೇಕು, ಅದೊಂದೇ ಕಟ್ಟುನಿಟ್ಟು. ಉಳಿದಂತೆ ಹಿರಿಯರು ಕಣ್ಣು ಮುಚ್ಚಿಕೊಂಡಿರುತ್ತಾರೆ. ಮುಚ್ಚಿಕೊಂಡ ಹಾಗೆ ಇರುತ್ತಾರೆ ಅನ್ನೋಣ.

ಅಜ್ಜಿಗೆ 16 ತುಂಬಿದ್ದು 1961ರಲ್ಲಿ. ಅಂದಿನಿಂದ ಭಾನುವಾರ ಸಂಜೆಯ ಸಿಂಗಿಂಗ್‌ಗೆ ಹೋಗಲು ಅನುಮತಿ. ಯಾರದೋ ಮನೆಯಲ್ಲಿ ಉದ್ದನೆ ಮೇಜು. ಒಂದು ಕಡೆ ಹುಡುಗರು, ಎದುರು ಹುಡುಗಿಯರು. ಮಧ್ಯೆ ಹಾಡಿನ ಪುಸ್ತಕ. ಬೆಳಗ್ಗೆ ಚರ್ಚಿನಲ್ಲಿ ಎಳೆದೆಳೆದು ಹಾಡಿದ್ದಕ್ಕೆ ಸೇಡು ತೀರಿಸಿಕೊಂಡ ಹಾಗೆ ಸಂಜೆ ಬೇಗ ಬೇಗ ಹಾಡುವುದು. ಮುಗಿದ ಮೇಲೆ ಕತ್ತಲಲ್ಲಿ ಯಾರು ಯಾರ ಗಾಡಿ ಹತ್ತಿದರು ಅನ್ನುವುದೇ ಮುಖ್ಯ ವಿಷಯ. ಮುಂದೆ ಅಜ್ಜಿಯ ಗಂಡನಾದ ಹುಡುಗ ನೇರ ಬರಲಿಲ್ಲ. ಗೆಳೆಯನ ಕೈಲಿ ಕೇಳಿಸಿದ: ಅವಳು ನನ್ನ ಗಾಡಿಯಲ್ಲಿ ಮನೆಗೆ ಹೋಗುತ್ತಾಳಾ? ಅಜ್ಜಿ ಹೇಳಿ ಕಳಿಸಿದಳಂತೆ: "ಅವನಿಗೆ ಬಾಯಿಲ್ಲವಾ?" ಎರಡು ವಾರ ಕಳೆದು ಬಾಯಿ ಬಂತು.

ಹುಡುಗರ ಗಾಡಿಗೆ ಮುಚ್ಚಿಗೆ ಇರಲಿಲ್ಲ. ಸಂಸಾರಸ್ಥರ ಬೂದು ಬಣ್ಣದ ಗಾಡಿಗೆ ನಾಲ್ಕೂ ಕಡೆ ಗೋಡೆ, ಮದುವೆಯಾಗದವರ ಗಾಡಿ ಬಟ್ಟಬಯಲು. ಜನವರಿ ಚಳಿಯಲ್ಲಿ ಆರು ಮೈಲಿ. ಮಂಡಿ ಮೇಲೆ ಒಂದು ಕಂಬಳಿ. "ಮುಚ್ಚಿಗೆ ಇಲ್ಲದಿರುವುದು ಒಳ್ಳೆಯ ಉಪಾಯ. ಚಳಿಯಾದರೆ ಹತ್ತಿರ ಕೂರಬೇಕಾಗುತ್ತದೆ" ಎಂದು ಹೇಳಿ ಅಜ್ಜಿ ಸೇಬಿನ ಕಡೆ ನೋಡುತ್ತಲೇ ಇದ್ದಳು.

ಆಮೇಲೆ ಎರಡು ವಾರಕ್ಕೊಮ್ಮೆ ಶನಿವಾರ ರಾತ್ರಿ ಅವನು ಬರುತ್ತಿದ್ದ. ಮನೆಯವರೆಲ್ಲ ಮಲಗಿದ ಮೇಲೆ. ಅಂಗಳದಲ್ಲಿ ನಿಂತು ಅವಳ ಕಿಟಕಿಗೆ ಟಾರ್ಚ್ ಬಿಡುವುದು. ಅವಳು ಮೆತ್ತಗೆ ಇಳಿದು ಬಂದು ಅಡುಗೆಮನೆ ಬಾಗಿಲು ತೆಗೆಯುವುದು. ಒಲೆ ಪಕ್ಕ ಕುರ್ಚಿ. ಒಂದು ತುಂಡು ಪೈ. ಮಾತು, ಮಾತು, ನಡುರಾತ್ರಿವರೆಗೆ. ಒಮ್ಮೆ ಅವಳ ತಮ್ಮಂದಿರು ಕತ್ತಲಲ್ಲಿ ಹೋಗಿ ಅವನ ಗಾಡಿಯ ಚಕ್ರ ಬಿಚ್ಚಿ ಹುಲ್ಲಿನಟ್ಟಕ್ಕೆ ಏರಿಸಿಬಿಟ್ಟರು. ಅವನು ಕುದುರೆಯ ಬರಿ ಬೆನ್ನ ಮೇಲೆ ಮನೆಗೆ ಹೋದ. ಮರುದಿನ ಅವಳ ಅಪ್ಪ ಒಂದು ಮಾತೂ ಆಡದೆ ಚಕ್ರಗಳನ್ನು ಗಾಡಿಗೆ ತಾನೇ ಜೋಡಿಸಿದ. ಯಾರ ಗಾಡಿ ಅಂತ ಕೇಳಲಿಲ್ಲ!

"ನಿದ್ದೆ?" ಅಂತ ಕೇಳಿದೆ.

ನಿದ್ದೆ ಎಲ್ಲಿ? ಎರಡಕ್ಕೆ ಅವನು ಹೋದರೆ ನಾಲ್ಕೂವರೆಗೆ ಹಾಲು ಕರೆಯುವುದು. ಆಗ ಹಾಲನ್ನು ದೊಡ್ಡ ಕ್ಯಾನುಗಳಲ್ಲಿ ತುಂಬಿ ನೀರಿನ ತೊಟ್ಟಿಯಲ್ಲಿ ಇಳಿಸಿಡಬೇಕಿತ್ತು. ಆಕಳಿಸುತ್ತಾ ಹಸುವಿನ ಹೊಟ್ಟೆಗೆ ಹಣೆ ಆನಿಸಿ ಕೂತಿದ್ದಾಗ ಅಪ್ಪ ಪಕ್ಕದಲ್ಲಿ ಹಾದುಹೋಗುತ್ತಾ, ಇವತ್ತು ಎರಡು ಹಸು ಜಾಸ್ತಿ ಕರಿ ಎಂದನಂತೆ. ಅದೇ ಅವನ ತನಿಖೆ, ಅದೇ ಶಿಕ್ಷೆ, ಅದೇ ಒಪ್ಪಿಗೆ.

ಮಧ್ಯಾಹ್ನ ಅಜ್ಜಿ ಶೂಫ್ಲೈ ಪೈ ಕೊಟ್ಟಳು. ಕಾಕಂಬಿ ಹಾಕಿದ ಸಿಹಿ. ವಾಸನೆಗೇ ನನಗೆ ಊರಿನ ಜೋನಿ ಬೆಲ್ಲ ನೆನಪಾಗಿ ಗಂಟಲು ಕಟ್ಟಿತು. ನಮ್ಮ ಮನೆಯವರು ಎರಡನೇ ತುಂಡಿಗೆ ಕೈ ಹಾಕಿದಾಗ, ಅಡಿಯ ಹಿಟ್ಟಿಗೆ ಏನು ಹಾಕುತ್ತೀರಿ ಅಂತ ಕೇಳಿದೆ. ಹಂದಿ ಕೊಬ್ಬು. ಮನೆಯವರ ಕೈ ಗಾಳಿಯಲ್ಲೇ ನಿಂತಿತು. ನಾನು ಮೇಲಿನ ಸಿಹಿಯನ್ನು ಮಾತ್ರ ಚಮಚದಲ್ಲಿ ಕೆರೆದು ತಿಂದೆ. ಧರ್ಮಶಾಸ್ತ್ರ ಏನು ಹೇಳುತ್ತದೋ ಗೊತ್ತಿಲ್ಲ, ಜೋನಿ ಬೆಲ್ಲ ಜೋನಿ ಬೆಲ್ಲವೇ.

ಮೂರನೇ ದಿನ, ಭಾನುವಾರ

ಬೆಳಗ್ಗೆ ಎದ್ದರೆ ಫೋನಿನ ಗಡಿಯಾರ ತಾನೇ ಒಂದು ಗಂಟೆ ಹಿಂದೆ ಹೋಗಿತ್ತು. ನವೆಂಬರಿನ ಮೊದಲ ಭಾನುವಾರ ಹೆಚ್ಚುಕಡಿಮೆ ಇಡೀ ದೇಶ ಹೀಗೆ ಹಿಂದೆ ಸರಿಯುತ್ತದೆ. ಈಗ ಅಜ್ಜಿಯ ಗಡಿಯಾರವೂ ನನ್ನದೂ ಒಂದೇ. ಅವಳು ಕದಲಲಿಲ್ಲ, ಜಗತ್ತೇ ಬಂದು ಅವಳ ಪಕ್ಕ ನಿಂತಿತು.

ಭಾನುವಾರ ಯಾವ ಅಂಗಡಿಯೂ ಇಲ್ಲ, ಯಾವ ಕೆಲಸವೂ ಇಲ್ಲ. ಹಾಲು ಕರೆಯಬಹುದು, ಮಾರುವಂತಿಲ್ಲ. 1960ರ ದಶಕದ ಕೊನೆಯಲ್ಲಿ ಹಾಲಿನ ಕಂಪನಿಗಳು, ಕ್ಯಾನು ಸಾಕು, ತಣ್ಣಗಿಡುವ ದೊಡ್ಡ ಟ್ಯಾಂಕು ಹಾಕಿಸಿ ಎಂದು ಪಟ್ಟು ಹಿಡಿದವಂತೆ. ಬಿಷಪ್‌ಗಳು ಟ್ಯಾಂಕಿಗೆ ಒಪ್ಪಿದರು, ಆದರೆ ಭಾನುವಾರ ಲಾರಿ ಬರಕೂಡದು ಅಂದರು. ಕಂಪನಿಗಳೂ ಒಪ್ಪಿದವು. ಇವರನ್ನು ಪಾಪದವರು ಅಂದುಕೊಂಡವರು ಈ ಚೌಕಾಸಿ ನೋಡಬೇಕಿತ್ತು.

ಇವರಿಗೆ ಚರ್ಚ್ ಕಟ್ಟಡವಿಲ್ಲ. ಎರಡು ವಾರಕ್ಕೊಮ್ಮೆ ಸರದಿಯಂತೆ ಒಬ್ಬರ ಮನೆಯಲ್ಲಿ ಪ್ರಾರ್ಥನೆ. ಬೆಂಚುಗಳನ್ನು ತುಂಬಿದ ಒಂದು ಗಾಡಿಯೇ ಮನೆಯಿಂದ ಮನೆಗೆ ತಿರುಗುತ್ತದೆ. ಮೂರು ಗಂಟೆಯ ಪ್ರಾರ್ಥನೆ. ಹಾಡುಗಳು ಔಸ್‌ಬುಂಡ್ ಎಂಬ ಪುಸ್ತಕದವು, 16ನೇ ಶತಮಾನದ್ದು. ಅದರಲ್ಲಿ ಕೆಲವನ್ನು ಜರ್ಮನಿಯ ಪಸಾವ್ ಕೋಟೆಯ ನೆಲಮಾಳಿಗೆಯಲ್ಲಿ ಸೆರೆಯಲ್ಲಿದ್ದವರು ಬರೆದರು. ಪ್ರತಿ ಸಲವೂ ಎರಡನೆಯ ಹಾಡು ಒಂದೇ, ಅದೊಂದಕ್ಕೇ ಇಪ್ಪತ್ತು ನಿಮಿಷ ಹಿಡಿಯುತ್ತದೆ. ನಮ್ಮನ್ನೇನೂ ಕರೆಯಲಿಲ್ಲ, ನಾವೂ ಕೇಳಲಿಲ್ಲ. ರಸ್ತೆ ಬದಿಯಲ್ಲಿ ನಿಂತು ಗಾಡಿಗಳು ಹೋಗುವುದನ್ನು ನೋಡಿದೆವು. ಅಕ್ಟೋಬರ್ ಇಡೀ ಫಿಲಡೆಲ್ಫಿಯಾ ಕಡೆ ಒಂದು ಹನಿ ಮಳೆ ಬಿದ್ದಿರಲಿಲ್ಲ. ಕುದುರೆ ಕಾಲಿನ ಧೂಳು ಬಹಳ ಹೊತ್ತು ಗಾಳಿಯಲ್ಲೇ ನಿಂತಿರುತ್ತಿತ್ತು.

ಸಂಜೆ ಕತ್ತಲಾಗುವ ಹೊತ್ತಿಗೆ ಯುವಕರ ಗಾಡಿಗಳು ಸಾಲಾಗಿ ಹೊರಟವು. ಈಗಿನ ಗಾಡಿಗಳಲ್ಲಿ ಬ್ಯಾಟರಿ ದೀಪಗಳ ಝಗಮಗ. ಅಜ್ಜಿಯ ಮೊಮ್ಮಗಳು, 19ರ ಹುಡುಗಿ, ಹಸಿರು ಉಡುಪು ತೊಟ್ಟು ಗೇಟಿನ ಹತ್ತಿರ ಕಾಯುತ್ತಿದ್ದಳು. ಅವರ ಉಡುಪಿಗೆ ಗುಂಡಿಯಿಲ್ಲ, ಗುಂಡುಸೂಜಿ ಚುಚ್ಚಿ ನಿಲ್ಲಿಸುತ್ತಾರೆ. ಅಣ್ಣನ ಗಾಡಿಯಲ್ಲಿ ಹೋದಳು. ಹೋಗುವಾಗ ಅಣ್ಣನ ಗಾಡಿ. ಬರುವಾಗ ಯಾರದ್ದು ಅಂತ ಕೇಳಬಾರದು.

ಈ ವಯಸ್ಸಿಗೆ ರುಮ್‌ಸ್ಪ್ರಿಂಗ ಎನ್ನುತ್ತಾರೆ. ಓಡಾಡುವ ವಯಸ್ಸು ಅಂತ ಅರ್ಥ. ಟೀವಿಯಲ್ಲಿ ಇದನ್ನು ಭಾರೀ ಮಾಡಿ ತೋರಿಸುತ್ತಾರೆ: ಮಕ್ಕಳೆಲ್ಲ ಪೇಟೆಗೆ ಓಡುತ್ತಾರೆ, ಕುಡಿಯುತ್ತಾರೆ, ಕುಣಿಯುತ್ತಾರೆ ಅಂತ. ಸ್ವಲ್ಪ ಪುಂಡಾಟ ಮಾಡುವವರು ಇದ್ದಾರೆ, ಇಲ್ಲವೆಂದಲ್ಲ. ಆದರೆ ಹೆಚ್ಚಿನವರು ಅಪ್ಪನ ಮನೆಯಲ್ಲೇ ಇದ್ದು, ಬೆಳಗ್ಗೆ ಹಾಲು ಕರೆದು, ಭಾನುವಾರ ಸಿಂಗಿಂಗ್‌ಗೆ ಹೋಗುತ್ತಾರೆ. ಕೊನೆಗೆ ನೂರಕ್ಕೆ 85ಕ್ಕಿಂತ ಹೆಚ್ಚು ಮಂದಿ ಚರ್ಚಿಗೆ ಸೇರುತ್ತಾರೆ. ಅಜ್ಜಿಯ ಪ್ರಕಾರ ಅವರ ಕಾಲದ ದೊಡ್ಡ ಪುಂಡಾಟ ಅಂದರೆ ಬಾಯಲ್ಲಿ ಊದುವ ಹಾರ್ಮೋನಿಕಾ.

ನಾಲ್ಕನೇ ದಿನ, ಸೋಮವಾರ

ಸೋಮವಾರ ಬಟ್ಟೆ ಒಗೆಯುವ ದಿನ. ಇದು ಆರ್ಡ್ನುಂಗ್‌ನಲ್ಲಿ ಇಲ್ಲ, ಅದಕ್ಕಿಂತ ಗಟ್ಟಿ. ಬೆಳಕು ಹರಿಯುವ ಮೊದಲೇ ತಂತಿ ಮೇಲೆ ಬಟ್ಟೆ ಬೀಳದಿದ್ದರೆ ನೆರೆಯವರು, ಪಾಪ ಯಾರಿಗೋ ಮೈ ಹುಷಾರಿಲ್ಲ ಅಂದುಕೊಳ್ಳುತ್ತಾರಂತೆ. ಈ ಸಲ ಇನ್ನೂ ಅವಸರ. ಮರುದಿನ ಅರ್ಧ ಮೈಲಿ ಆಚೆಯ ಮನೆಯಲ್ಲಿ ಮದುವೆ. ಮಧ್ಯಾಹ್ನ ಎಲ್ಲರೂ ಅಲ್ಲಿಗೆ ಅಡುಗೆ ತಯಾರಿಗೆ ಹೋಗಬೇಕು.

ಒಗೆಯುವ ಯಂತ್ರ ನಮ್ಮಜ್ಜನ ಕಾಲದ್ದು ಅನ್ನಿಸುವಂಥದ್ದು. ದುಂಡು ಪಾತ್ರೆ, ಮೇಲೆ ಹಿಂಡುವ ಎರಡು ರಬ್ಬರ್ ರೂಲುದೊಣ್ಣೆ. ಎಂಜಿನ್ ಬಲದಿಂದ ತಿರುಗುತ್ತದೆ. ಕಬ್ಬಿನ ಗಾಣಕ್ಕೆ ಕಬ್ಬು ಕೊಟ್ಟ ಹಾಗೆ ಬಟ್ಟೆ ಕೊಡಬೇಕು. ನಾನು ಉತ್ಸಾಹದಲ್ಲಿ ನಮ್ಮ ಮನೆಯವರ ಚೌಕಳಿ ಅಂಗಿಯನ್ನೂ ತಂದು ತಳ್ಳಿದೆ. ಟಪ್, ಟಪ್. ಎರಡು ಗುಂಡಿ ಹಾರಿ ಗೋಡೆಗೆ ಬಡಿಯಿತು. ಗುಂಡಿಗಳನ್ನು ಒಳಗೆ ಮಡಚಿ ಕೊಡಬೇಕಂತೆ. ಮೊಮ್ಮಗಳು ತೋರಿಸಿಕೊಟ್ಟಳು. ತೋರಿಸುತ್ತಲೇ ಆಕಳಿಸಿದಳು. ಬಾಯಿ ಮುಚ್ಚಿಕೊಂಡು ಇನ್ನೊಮ್ಮೆ ಆಕಳಿಸಿದಳು.

ನಾನು ಅಜ್ಜಿಯನ್ನು ನೋಡಿದೆ. ಅಜ್ಜಿ ರಾಟೆಯ ಹಗ್ಗ ನೋಡುತ್ತಿದ್ದಳು. "ಆ ಎರಡು ಬುಟ್ಟಿ ಒದ್ದೆ ಬಟ್ಟೆಯನ್ನೂ ನೀನೇ ಹಾಕು" ಎಂದು ಮೊಮ್ಮಗಳಿಗೆ ಹೇಳಿದಳು. ನನ್ನೊಬ್ಬಳಿಗೇ ಅಂತ ಇಂಗ್ಲಿಷಿನಲ್ಲಿ ಹೇಳಿದಳೋ ಏನೋ.

ಜಗುಲಿಯಿಂದ ಹಟ್ಟಿಯ ನೆತ್ತಿಯವರೆಗೆ ರಾಟೆ ಹಗ್ಗ. ಬಟ್ಟೆ ಸಿಕ್ಕಿಸಿ ಎಳೆದರೆ ಸಾಲು ಆಕಾಶಕ್ಕೆ ಏರುತ್ತದೆ. ನೇರಳೆ, ಹಸಿರು, ನೀಲಿ, ಆಮೇಲೆ ಕಪ್ಪು ಪ್ಯಾಂಟುಗಳು, ದೊಡ್ಡದರಿಂದ ಚಿಕ್ಕದಕ್ಕೆ. ಎಷ್ಟು ಮಕ್ಕಳು, ಯಾರು ಎಷ್ಟು ಉದ್ದ ಬೆಳೆದರು, ಎಲ್ಲ ರಸ್ತೆಯಿಂದಲೇ ಲೆಕ್ಕ ಹಾಕಬಹುದು. ಆ ಸಾಲಿನ ಫೋಟೋ ತೆಗೆಯಬಹುದಾ ಅಂತ ಕೇಳಿದೆ. ಮನುಷ್ಯರ ಫೋಟೋಕ್ಕೆ ಅವರು ನಿಲ್ಲುವುದಿಲ್ಲ. ಬಟ್ಟೆಗೆ ಅಡ್ಡಿಯಿಲ್ಲ ಎಂದಳು.

ಹಿತ್ತಿಲಲ್ಲಿ ಸೆಲರಿ ರಾಶಿ ಬಿದ್ದಿತ್ತು. ಮದುವೆ ಮನೆಗೆ ಇವರ ಪಾಲು. ನಲ್ಲಿ ಕೆಳಗೆ ಕೂತು ಇಬ್ಬರೂ ದಂಟು ತೊಳೆದೆವು. ಆಗ ಉಳಿದ ಕಥೆ ಬಂತು. ಮಾರ್ಕೆಟ್ಟಿನ ಹುಡುಗಿಯ ಮಾತೂ ಆಗಲೇ ಬಿಡಿಸಿಕೊಂಡಿತು.

ಅವನು ಉಂಗುರ ಕೊಡಲಿಲ್ಲ. ಆಭರಣವೇ ಇಲ್ಲ ಅವರಲ್ಲಿ. ಕೊಟ್ಟದ್ದು ಗಡಿಯಾರ. ಲ್ಯಾಂಕಾಸ್ಟರ್ ಕಡೆ ಮದುವೆ ಮಾತಾದರೆ ಹುಡುಗ ಗಡಿಯಾರವನ್ನೋ ಪಿಂಗಾಣಿ ಪಾತ್ರೆಗಳನ್ನೋ ಕೊಡುವುದು ರೂಢಿ. ಹೌದು, ಅಡುಗೆಮನೆಯ ಆ ನಿಧಾನ ಟೈಮಿನ ಗಡಿಯಾರವೇ. ಅವಳು ಅದನ್ನು ಬಟ್ಟೆ ಪೆಟ್ಟಿಗೆಯ ಅಡಿಯಲ್ಲಿ ತಿಂಗಳುಗಟ್ಟಲೆ ಬಚ್ಚಿಟ್ಟಳು. ಮದುವೆ ಗೊತ್ತಾದದ್ದು ಗುಟ್ಟು, ಅಕ್ಟೋಬರ್ ಕೊನೆಯಲ್ಲಿ ಚರ್ಚಿನಲ್ಲಿ ಸಾರುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಗೆಳತಿಯರು ಕೇಳಿದರೂ ಇಲ್ಲ ಎನ್ನಬೇಕು.

ಆದರೆ ಮುನ್ನೂರು ನಾನೂರು ಜನರ ಊಟಕ್ಕೆ ಸೆಲರಿ ಬೇಕಲ್ಲ! ಬಿಳಿ ಸಾರಿನಲ್ಲಿ ಬೇಯಿಸಲು, ಕೋಳಿ ಮತ್ತು ಬ್ರೆಡ್ಡಿನ ರೋಸ್ಟಿಗೆ, ಹಸಿಯಾಗಿ ತಿನ್ನಲು, ಕೊನೆಗೆ ಹೂವಿನ ಬದಲು ಮೇಜಿನ ಮೇಲೆ ಗಾಜಿನ ಲೋಟದಲ್ಲಿ ನಿಲ್ಲಿಸಲು ಕೂಡ. ಬೇಸಿಗೆಯಲ್ಲೇ ನೆಡಬೇಕು. ವಯಸ್ಸಿಗೆ ಬಂದ ಹುಡುಗಿಯಿರುವ ಮನೆಯ ಹಿತ್ತಿಲಲ್ಲಿ ಸೆಲರಿ ಸಾಲು ಎಷ್ಟಿದೆ ಅಂತ ಊರೇ ಎಣಿಸುತ್ತದೆ. ಅಜ್ಜಿಯ ಅಮ್ಮ ಜಾಣೆ. ಅರ್ಧ ಸೆಲರಿಯನ್ನು ಹಿತ್ತಿಲಲ್ಲಿ ನೆಟ್ಟು, ಉಳಿದರ್ಧವನ್ನು ಮೆಕ್ಕೆಜೋಳದ ಆಚೆ ರಸ್ತೆಗೆ ಕಾಣದ ಹಾಗೆ ನೆಟ್ಟಳು. ನೀರು ಹೊರುವ ಕೆಲಸ ಮಗಳದ್ದು. ಬೆಳಗ್ಗೆ ಹದಿನೈದು ಬಿಂದಿಗೆಯಷ್ಟು, ಸಂಜೆ ಹದಿನೈದು. "ನನ್ನ ಪ್ರೀತಿ ಎಷ್ಟು ಭಾರ ಅಂತ ನನಗೆ ಕೈಯಿಂದಲೇ ಗೊತ್ತು" ಎಂದು ಅಜ್ಜಿ ನಕ್ಕಳು. ಅಂಚೆಯವನು ಮಾತ್ರ ಮೆಕ್ಕೆಜೋಳದ ಆಚೆಗೂ ನೋಡಿಬಿಟ್ಟಿದ್ದನಂತೆ.

ಚರ್ಚಿನಲ್ಲಿ ಸಾರುವ ಭಾನುವಾರ ಹುಡುಗಿ ಅಲ್ಲಿಗೆ ಹೋಗುವುದಿಲ್ಲ. ಮನೆಯಲ್ಲಿದ್ದು ಇಬ್ಬರಿಗೆ ಮಾತ್ರ ಅಡುಗೆ ಮಾಡುತ್ತಾಳೆ. ಹೆಸರು ಸಾರಿದ ಕೂಡಲೇ ಹುಡುಗ ಎದ್ದು ಹೊರಬಂದು ಗಾಡಿ ಕಟ್ಟಿ ಅವಳ ಮನೆಗೆ ಬರುತ್ತಾನೆ. ಹಾಡಹಗಲಲ್ಲಿ, ಎಲ್ಲರಿಗೂ ಗೊತ್ತಾಗಿ, ಅವನು ಅವರ ಮನೆ ಅಂಗಳಕ್ಕೆ ಬಂದದ್ದು ಅದೇ ಮೊದಲು. ಅಜ್ಜಿ ಆ ದಿನ ಆಲೂಗಡ್ಡೆ ಹೊತ್ತಿಸಿದ್ದಳು. ಇಬ್ಬರೂ ಹೊತ್ತಿದ್ದನ್ನೇ ತಿಂದರು. ಎರಡು ವರ್ಷ ನಡುರಾತ್ರಿವರೆಗೆ ಮಾತಾಡಿದವರಿಗೆ ಆ ಮಧ್ಯಾಹ್ನ ಮಾತೇ ಹೊರಡಲಿಲ್ಲವಂತೆ.

ಅಂದಿನಿಂದ ಮದುವೆವರೆಗೆ ಅವನು ಅವಳ ಮನೆಯಲ್ಲೇ ಉಳಿದು ದುಡಿಯಬೇಕು. ಸೌದೆ, ಬೆಂಚು, ಮನೆ ಮನೆಗೆ ಹೋಗಿ ಕರೆಯುವುದು. ಕೋಳಿಗಳ ಕತ್ತು ಕತ್ತರಿಸುವ ಕೆಲಸವೂ ಮದುಮಗನದ್ದೇ. ಇಷ್ಟು ಹೇಳಿ ಅಜ್ಜಿ ನನ್ನ ಮುಖ ನೋಡಿ ಅಲ್ಲಿಗೆ ಆ ವಿಷಯ ಬಿಟ್ಟಳು.

1965ರ ನವೆಂಬರ್, ಒಂದು ಗುರುವಾರ. ಮದುವೆಗಳು ಮಂಗಳವಾರ, ಗುರುವಾರವೇ ಆಗಬೇಕು. ಯಾಕೆ? ನಾನು ಮುಹೂರ್ತ ಇರಬೇಕು ಅಂದುಕೊಂಡೆ. ಅಲ್ಲ. ಹಿಂದಿನ ದಿನ ತಯಾರಿಗೆ, ಮರುದಿನ ತೊಳೆಯುವುದಕ್ಕೆ. ಸೋಮವಾರ ಮದುವೆಯಾದರೆ ಭಾನುವಾರ ಕೆಲಸ ಮಾಡಬೇಕಾಗುತ್ತದೆ, ಅದು ಆಗದು. ನವೆಂಬರ್ ಯಾಕೆಂದರೆ ಬೆಳೆ ಒಳಗೆ ಬಂದಿರುತ್ತದೆ, ಚಳಿ ಇನ್ನೂ ಬಲಿತಿರುವುದಿಲ್ಲ. ಈಚೆಗೆ ಜನ ಜಾಸ್ತಿಯಾಗಿ ಬೇರೆ ತಿಂಗಳಿಗೂ ಹಬ್ಬಿದೆ. ಅಜ್ಜಿಗೆ ಅದು ಅಷ್ಟು ಹಿಡಿಸಿಲ್ಲ.

ನೀಲಿ ಉಡುಪು, ಅವಳೇ ಹೊಲಿದದ್ದು. ಮೇಲೆ ಬಿಳಿ ಏಪ್ರನ್. ಮೂಲೆಯ ಮೇಜಿನಲ್ಲಿ, ಅದಕ್ಕೆ ಎಕ್ ಎನ್ನುತ್ತಾರೆ, ಇಬ್ಬರೂ ಕೂತರು. ರಾತ್ರಿಯವರೆಗೆ ಹಾಡು. ಮೊದಲ ರಾತ್ರಿ ಅವಳ ಅಪ್ಪನ ಮನೆಯಲ್ಲೇ. ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸಿದರು. ನಾನೂರು ಜನರ ಪಾತ್ರೆ, ಮೇಜುಬಟ್ಟೆಗಳ ಗುಡ್ಡ. ಹೊಸ ಗಂಡ ಅಂಗಿ ತೋಳು ಮಡಚಿ ಬಟ್ಟೆ ಹಿಂಡುವ ಯಂತ್ರದ ಹಿಡಿ ತಿರುಗಿಸಿದ, ಅವಳು ಇನ್ನೊಂದು ಕಡೆ ಬಟ್ಟೆ ಹಿಡಿದುಕೊಂಡಳು. ಮದುವೆಯಾದ ಮೇಲೆ ಅವರಿಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು.

ಆ ಬಿಳಿ ಏಪ್ರನ್ ಈಗ ಎಲ್ಲಿದೆ ಅಂತ ಕೇಳಿದೆ. ಮೇಲಿನ ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದಾಳೆ. ಹೋಗುವಾಗ ಅದನ್ನೇ ತೊಡಿಸುತ್ತಾರೆ. ಇಸ್ತ್ರಿ ಮಾಡಿಯೇ ಇಟ್ಟಿದ್ದೇನೆ, ಸೊಸೆಗೆ ಕೆಲಸ ಬೇಡ ಅಂತ, ಎಂದಳು. ನನ್ನ ಧಾರೆ ಸೀರೆ ಬೀರುವಿನಲ್ಲಿ ನುಸಿಗುಳಿಗೆ ವಾಸನೆ ಹೊಡೆಯುತ್ತಾ ಕೂತಿದೆ. ಅದಕ್ಕೇನು ಗತಿ ಅಂತ ನಾನು ಯೋಚಿಸಿಯೇ ಇರಲಿಲ್ಲ.

ಐದನೇ ದಿನ, ಮಂಗಳವಾರ

ಅಮೆರಿಕದಲ್ಲಿ ಅಂದು ಅಧ್ಯಕ್ಷರ ಚುನಾವಣೆ. ರಸ್ತೆಯುದ್ದಕ್ಕೂ ಬೋರ್ಡುಗಳು. ನಮ್ಮ ಆತಿಥೇಯರು ಮತಗಟ್ಟೆಗೆ ಹೋಗಿ ಬಂದು ನಮ್ಮನ್ನು ಸ್ಟೇಷನ್ನಿಗೆ ಬಿಡುವುದೆಂದು ಮಾತಾಗಿತ್ತು.

ಆರೂವರೆಗೇ ಗಾಡಿಗಳ ಸದ್ದು ಶುರುವಾಯಿತು. ಅಜ್ಜಿ ಕಪ್ಪು ಶಾಲು, ಕಪ್ಪು ಬಾನೆಟ್ ತೊಟ್ಟು ಬೇಲಿವರೆಗೆ ಬಂದಳು. ಆಪಲ್ ಬಟರಿನ ಒಂದು ಜಾಡಿ ಕೈಗಿಟ್ಟಳು. ನಾನು ಉಳಿದ ಚಕ್ಕುಲಿಯನ್ನು ಡಬ್ಬದ ಸಮೇತ ಕೊಟ್ಟೆ. ಅಪ್ಪಿಕೊಳ್ಳಬೇಕಾ ಬೇಡವಾ ಎಂದು ಗೊತ್ತಾಗದೆ ಇಬ್ಬರೂ ಒಂದು ಕ್ಷಣ ನಿಂತೆವು. ಅವಳು ನನ್ನ ಸ್ವೆಟರಿನ ಮೇಲಿನ ಗುಂಡಿ ಹಾಕಿ, ಚಳಿ ಎಂದಳು. ಮಗನ ಗಾಡಿ ಹತ್ತಿ ಹೋದಳು.

ಸ್ಟೇಷನ್ ದಾರಿಯಲ್ಲೇ ಮದುವೆ ಮನೆ. ಬಯಲಲ್ಲಿ ನೂರಕ್ಕೂ ಹೆಚ್ಚು ಬೂದು ಗಾಡಿಗಳು, ಎಲ್ಲವೂ ಒಂದೇ ಥರ. ಕುದುರೆ ಬಿಚ್ಚುತ್ತಿದ್ದ ಹುಡುಗರು ಗಾಡಿ ತಪ್ಪಿಹೋಗದ ಹಾಗೆ ಸೀಮೆಸುಣ್ಣದಲ್ಲಿ ನಂಬರ್ ಬರೆಯುತ್ತಿದ್ದರು. ಕಾರು ಒಂದು ನಿಮಿಷ ನಿಧಾನವಾಯಿತು. ಹೆಂಗಸರ ಸಾಲಿನಲ್ಲಿ ನಮ್ಮ ಮೊಮ್ಮಗಳು ಕಂಡಳಾ ಅಂತ ಹುಡುಕಿದೆ. ಎಲ್ಲರಿಗೂ ಒಂದೇ ಟೋಪಿ. ಸಂಜೆಯ ಊಟಕ್ಕೆ ಮದುವೆಯಾಗದ ಹುಡುಗ ಹುಡುಗಿಯರು ಜೋಡಿಯಾಗಿ ಕೈ ಹಿಡಿದು ಮೇಜಿಗೆ ಹೋಗಬೇಕು, ಯಾರಿಗೆ ಯಾರು ಅಂತ ಮದುಮಗಳೇ ಪಟ್ಟಿ ಮಾಡುತ್ತಾಳೆ ಎಂದು ಅಜ್ಜಿ ಹೇಳಿದ್ದಳು. ಅದನ್ನು ನೋಡದೆ ಹೊರಟೆನಲ್ಲ ಎಂದು ಹೊಟ್ಟೆ ಉರಿಯಿತು.

ಸಂಜೆ ಮಗಳ ಮನೆಯಲ್ಲಿ ಟೀವಿ ತುಂಬ ಚುನಾವಣೆಯ ಲೆಕ್ಕ. ಮಗಳು ಸೋಫಾದಲ್ಲಿ ಪಕ್ಕಕ್ಕೆ ಬಂದು, ಫೋಟೋ ತೋರಿಸಮ್ಮಾ ಅಂದಳು. ಐದು ದಿನದಲ್ಲಿ ಇದ್ದದ್ದು ಒಂದೇ ಫೋಟೋ. ಹಟ್ಟಿಯ ಕಡೆಗೆ ಏರುತ್ತಿರುವ ಬಟ್ಟೆ ಸಾಲು. ಅವಳು ಎರಡು ಬೆರಳಲ್ಲಿ ಅದನ್ನು ಹಿಗ್ಗಿಸಿ ನೋಡಿದಳು. ನೇರಳೆ, ಹಸಿರು, ನೀಲಿ. ಕಪ್ಪು ಪ್ಯಾಂಟುಗಳ ನಡುವೆ ಒಂದು ಚೌಕಳಿ ಅಂಗಿ, ಗುಂಡಿಯಿಲ್ಲದ ಕಡೆ ಬಾಯಿ ತೆರೆದುಕೊಂಡು ಗಾಳಿ ಕುಡಿಯುತ್ತಿತ್ತು.

"ಇದು ಅಪ್ಪನ ಅಂಗಿ ಅಲ್ವಾ?" ಎಂದಳು.